ಹಳೇ ಕಾರ್ ಕ್ಲಬ್ಬಿಗೆ ಹುಡುಗ್ರು ಯಾಕ್ ಬರ್ತಿಲ್ಲ, ಬರೋ ಹಾಗ್ ಮಾಡೋದ್ ಹೇಗೆ?

ಅಂಬಿ ಮಾರ್ಕ್ 2, ಬೆಂಗಳೂರು

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ತಲೇಲಿ ಕೊರೀತಿರೋ ವಿಷ್ಯ, ಇವತ್ತು ಬರೆದೇ ಬಿಡ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ರ‍್ಯಾಲಿ ದಿನ ನೋಡಿ, ಕಾರುಗಳ ಸುತ್ತ ಇರೋರಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲೇಜ್ ಹುಡುಗ ಹುಡುಗೀರು. ಫೋಟೋ ತೆಗೀತಾರೆ, ಬಾನೆಟ್ ಎತ್ತಿದ್ರೆ ಬಗ್ಗಿ ನೋಡ್ತಾರೆ, ಇದ್ಯಾವ ವರ್ಷದ್ದು ಅಂಕಲ್ ಅಂತ ಕೇಳ್ತಾರೆ. ಅದೇ ಮುಂದಿನ ತಿಂಗಳು ಕ್ಲಬ್ ಮೀಟಿಂಗಿಗೆ ಹೋಗಿ ನೋಡಿ, ಅವರಲ್ಲಿ ಒಬ್ರೂ ಇರಲ್ಲ, ಅದೇ ನಾವೇ ಅರವತ್ತು ದಾಟಿದೋರು ಕೂತ್ಕೊಂಡು ಕಾಫಿ ಕುಡೀತಿರ್ತೀವಿ. ಹಾಗಾಗಿ "ಈಗಿನ ಹುಡುಗ್ರಿಗೆ ಆಸಕ್ತಿ ಇಲ್ಲ, ಮೊಬೈಲ್ ಒಂದಿದ್ರೆ ಸಾಕು" ಅನ್ನೋ ಮಾತನ್ನ ನಾನು ಒಪ್ಪಲ್ಲ. ಆಸಕ್ತಿ ಇದೆ, ನಾವು ಬಾಗಿಲು ತೆಗೀತಿಲ್ಲ.

ನನ್ ಲೆಕ್ಕದಲ್ಲಿ ಅಸಲಿ ಸಮಸ್ಯೆ ಏನಪ್ಪಾ ಅಂದ್ರೆ, ಇಪ್ಪತ್ತೈದು ವರ್ಷದ ಹುಡುಗ ತನ್ನ ಸಂಬಳದಲ್ಲಿ ಯಾವ ಹಳೇ ಕಾರು ತಗೋಬಹುದೋ ಆ ಕಾರನ್ನ ನಾವು ಹಳೇ ಕಾರು ಅಂತ ಲೆಕ್ಕಕ್ಕೇ ಇಟ್ಕೊಳ್ಳಲ್ಲ. ಅವನಿಗೆ 1930ರ ಆಸ್ಟಿನ್ನೋ ಬ್ಯೂಕೋ ಎಲ್ಲಿಂದ ಬರ್ಬೇಕು? ಅವನ ಕೈಗೆ ಎಟುಕೋದು ಪದ್ಮಿನಿ, ಕಾಂಟೆಸ್ಸಾ, 118ಎನ್‌ಇ, ಜಿಪ್ಸಿ, ಮೊದಮೊದಲ ಮಾರುತಿ 800. ಫೀವಾ ಅಂತ ಅಂತಾರಾಷ್ಟ್ರೀಯ ಒಕ್ಕೂಟ ಇದೆಯಲ್ಲ, ಅವರ ಪ್ರಕಾರ 30 ವರ್ಷ ಆಗಿದ್ದು, ಮೂಲ ಸ್ಥಿತಿ ಉಳಿಸ್ಕೊಂಡಿದ್ದು, ದಿನಬಳಕೆಗೆ ಓಡಿಸ್ದೇ ಇದ್ರೆ ಅದು ಐತಿಹಾಸಿಕ ವಾಹನ. ನಮ್ಮ ಸರ್ಕಾರದ 2021ರ ನಿಯಮದಲ್ಲಿ 50 ವರ್ಷ ದಾಟಿದ್ರೆ ಮಾತ್ರ ವಿಂಟೇಜ್. ಮಧ್ಯದ 20 ವರ್ಷದ ಗಾಡಿಗಳು ಎಲ್ಲೂ ಸಲ್ಲಲ್ಲ. 15 ವರ್ಷಕ್ಕೆ ಆರ್‌ಸಿ ಮುಗೀತು, ಆಮೇಲೆ ಐದೈದು ವರ್ಷಕ್ಕೆ ಎಫ್‌ಸಿ ಮಾಡಿಸ್ಬೇಕು, ಅದರ ಫೀಸು 2022ರ ಏಪ್ರಿಲ್‌ನಲ್ಲಿ ಕಾರಿಗೆ 600 ಇದ್ದಿದ್ದು 5000 ಆಯ್ತು, ಇಷ್ಟೆಲ್ಲಾ ಯಾಕಪ್ಪಾ ಅಂತ ಮನೇಲಿ ಗುಜರಿಗೆ ಹಾಕ್ಬಿಡ್ತಾರೆ. 1986ರ ಮಾರುತಿಗೆ 50 ತುಂಬೋದು 2036ಕ್ಕೆ, ಅಷ್ಟರಲ್ಲಿ ಎಷ್ಟು ಉಳಿದಿರುತ್ತೆ ಹೇಳಿ. ಕಾನೂನು ಬದಲಾಯಿಸೋದು ನಮ್ಮ ಕೈಲಿಲ್ಲ, ಆದ್ರೆ ಕ್ಲಬ್ ರೂಲ್ಸ್ ನಮ್ಮ ಕೈಲೇ ಇದೆಯಲ್ಲ? ಮೂವತ್ತು ವರ್ಷ ಆದ ಯಾವ ಕಾರಾದ್ರೂ ಬರಲಿ ಅಂತ ಇವತ್ತೇ ಬರ್ಕೋಬಹುದು.

ನಿಮ್ಮ ಅನಿಸಿಕೆ ಹೇಳಿ. ಹುಡುಗ್ರು ಇದ್ರೆ ದಯವಿಟ್ಟು ಸುಮ್ನೆ ಓದ್ಕೊಂಡ್ ಹೋಗ್ಬೇಡಿ, ಬರೀರಿ.

ಯೆಜ್ಡಿ ರೋಡ್‌ಕಿಂಗ್, ಮೈಸೂರು

ಸರ್, ನೂರಕ್ಕೆ ನೂರು ಒಪ್ತೀನಿ. ನಾನು ಕಾರಿನೋನಲ್ಲ, ಬೈಕಿನೋನು, ವಯಸ್ಸು 28. ನಮ್ಮೂರಲ್ಲೇ ಐಡಿಯಲ್ ಜಾವಾ ಫ್ಯಾಕ್ಟರಿ ಇತ್ತು, 1961ರಲ್ಲಿ ಶುರುವಾಗಿದ್ದು 1996ಕ್ಕೆ ಬಾಗಿಲು ಹಾಕ್ತು. ಅಂದ್ರೆ ನಾನು ಹುಟ್ಟೋ ಮುಂಚೇನೇ ಮುಚ್ಚೋಗಿತ್ತು. ಆದ್ರೂ ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಬಂದು ನೋಡಿ, ನನ್ ವಯಸ್ಸಿನೋರೇ ತುಂಬಿರ್ತಾರೆ. ಯಾಕೆ ಅಂತ ಯೋಚ್ನೆ ಮಾಡಿದ್ರೆ, ಅಲ್ಲಿ ನಿನ್ ಗಾಡಿ ಯಾವ ವರ್ಷದ್ದು, ಎಷ್ಟು ಅಪರೂಪದ್ದು ಅಂತ ಯಾರೂ ತೂಗಿ ನೋಡಲ್ಲ. 64ರ ಜಾವಾ ಪಕ್ಕದಲ್ಲೇ 95ರ ಯೆಜ್ಡಿ ನಿಂತಿರುತ್ತೆ.

ಇನ್ನೊಂದು, ಕಲಿಸೋ ರೀತಿ. ನಾನು ಮೊದಲ ಸಲ ಹೋದಾಗ ನನ್ನ ಹತ್ರ ಗಾಡೀನೇ ಇರ್ಲಿಲ್ಲ. ಯಾರೋ ಹಿರಿಯರೊಬ್ರು ಅವರ ಗಾಡಿ ಕೊಟ್ಟು ಸ್ಟಾರ್ಟ್ ಮಾಡು ಅಂದ್ರು. ಕಿಕ್ಕರ್ ಎಲ್ಲಿ ಅಂತ ಹುಡುಕ್ತಾ ಇದ್ದೆ, ಗೇರ್ ಲಿವರ್ರೇ ಕಿಕ್ಕರ್ ಅಂತ ಆವತ್ತು ಗೊತ್ತಾಯ್ತು, ಅದನ್ನ ಒಳಗ್ ಒತ್ತಿ ಮೇಲಕ್ ತಿರುಗ್ಸಿ ಒದ್ದು, ಸ್ಟಾರ್ಟ್ ಆದ್ಮೇಲೆ ವಾಪಸ್ ಕೆಳಗಿಳಿಸಿ ಅದೇ ಲಿವರಲ್ಲೇ ಗೇರ್ ಹಾಕೋದು. ಆ ಎರಡು ನಿಮಿಷದಲ್ಲಿ ನಾನು ಸಿಕ್ಕಾಕ್ಕೊಂಡೆ. ಕಾರ್ ಕ್ಲಬ್‌ಗಳಲ್ಲಿ "ಮುಟ್ಟಬೇಡಿ" ಬೋರ್ಡ್ ಬಿಟ್ರೆ ಬೇರೇನೂ ಕಂಡಿಲ್ಲ ನನಗೆ.

ಕರಾವಳಿ ಕ್ಲಾಸಿಕ್, ಮಂಗಳೂರು

ಮುಟ್ಟಬೇಡಿ ಬೋರ್ಡಿಗೆ ಕಾರಣ ಉಂಟು ಮಾರಾಯ್ರೆ. ನನ್ನ ಹತ್ತಿರ ಮಾರಿಸ್ ಮೈನರ್ ಉಂಟು, ಒಂದು ಡೋರ್ ಹ್ಯಾಂಡಲ್ ಮುರಿದ್ರೆ ತಿಂಗಳುಗಟ್ಟಲೆ ಹುಡುಕ್ಬೇಕು. ಪ್ರದರ್ಶನಕ್ಕೆ ಇಟ್ಟಾಗ ಮಕ್ಕಳು ಬಾಗಿಲು ಎಳೆದು ಹಾಕಿದ್ದೂ ಉಂಟು. ಹಾಗಾಗಿ ಎಲ್ಲದಕ್ಕೂ ಕ್ಲಬ್ಬಿನವರನ್ನೇ ಬೈದ್ರೆ ಆಗ್ಲಿಕ್ಕಿಲ್ಲ.

ಮತ್ತೆ 30 ವರ್ಷಕ್ಕೆ ಇಳಿಸಿದ್ರೆ ಇನ್ನೊಂದು ತಲೆನೋವು. ಬರುವ 800ಗಳಲ್ಲಿ ಮುಕ್ಕಾಲು ಪಾಲು ಅಗಲ ಟಯರು, ಅಲಾಯ್ ವೀಲು, ಕಿವಿ ಕಿತ್ತುಹೋಗುವ ಸೈಲೆನ್ಸರು. ಅದನ್ನು ಐತಿಹಾಸಿಕ ಅಂತ ಹೇಗೆ ಹೇಳುವುದು? ಮೂಲ ಸ್ಥಿತಿ ಉಳಿಸುವುದಕ್ಕೇ ಅಲ್ವಾ ಕ್ಲಬ್ ಇರುವುದು?

ಅಂಬಿ ಮಾರ್ಕ್ 2, ಬೆಂಗಳೂರು

ಕರಾವಳಿ ಸರ್, ನೀವು ಹೇಳೋದ್ರಲ್ಲಿ ನ್ಯಾಯ ಇದೆ. ಆದ್ರೆ ಮೂಲ ಸ್ಥಿತಿ ಅನ್ನೋ ಷರತ್ತನ್ನ ನಾನು ತೆಗೀರಿ ಅಂತಿಲ್ಲ, ವಯಸ್ಸಿನ ಷರತ್ತು ಇಳಿಸಿ ಅಂತಿದೀನಿ, ಎರಡೂ ಬೇರೆ ಬೇರೆ. ಕಂಪನಿಯಿಂದ ಬಂದ ಹಾಗೇ ಇರೋ ಎಸ್‌ಎಸ್80 ಒಂದು ಹುಡುಕಿ ನೋಡಿ, 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ಮೊದಲ ಮಾಡೆಲ್ಲು, 86ಕ್ಕೇ ಬಾಡಿ ಬದಲಾಯ್ತು, ಆ ಹಳೇ ಬಾಡಿಗೆ ಹೆಡ್‌ಲೈಟ್ ಗ್ಲಾಸ್, ಬಂಪರ್, ಬೀಡಿಂಗ್ ಸಿಗೋದು ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ಅದನ್ನ ಮೂಲದ ಹಾಗೆ ಇಟ್ಕೊಂಡಿರೋ ಹುಡುಗ ನಿಮ್ಮ ಮಾರಿಸ್ ಮೈನರ್‌ಗೆ ಪಡೋ ಅಷ್ಟೇ ಕಷ್ಟ ಪಟ್ಟಿರ್ತಾನೆ.

ಮಾಡಿಫೈ ಮಾಡ್ಕೊಂಡು ಬಂದೋನನ್ನೂ ಗೇಟಲ್ಲೇ ವಾಪಸ್ ಕಳಿಸ್ಬೇಡಿ ಅಂತ ನನ್ನ ಕೋರಿಕೆ. ಅವನ ಗಾಡಿನ ಸ್ಪರ್ಧೆಗೆ ಸೇರಿಸ್ಬೇಡಿ, ಸರಿ. ಆದ್ರೆ ಪಕ್ಕದಲ್ಲಿ ನಿಲ್ಸೋಕೆ ಬಿಡಿ, ಒರಿಜಿನಲ್ ಗಾಡಿ ಅಂದ್ರೆ ಏನು ಅಂತ ಕಣ್ಣಾರೆ ನೋಡ್ಲಿ. ಕಂಪನಿ ಕೊಟ್ಟ ವಿವರ ಬದಲಾಗೋ ಹಾಗೆ ಗಾಡಿ ತಿದ್ದಂಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಅದನ್ನೂ ಅವನಿಗೆ ನಾವೇ ಪ್ರೀತಿಯಿಂದ ಹೇಳೋಣ, ದಾರೀಲಿ ಪೊಲೀಸರು ಹೇಳೋದಕ್ಕಿಂತ ಮುಂಚೆ.

ಗಂಡುಮೆಟ್ಟಿನ ಗ್ಯಾರೇಜು, ಹುಬ್ಬಳ್ಳಿ

ನಮಸ್ಕಾರ್ರಿ ಎಲ್ಲಾರಿಗೂ. ನಾ ಮೆಕ್ಯಾನಿಕ್ ಇದ್ದೀನ್ರಿ, ನಮ್ಮಪ್ಪನ ಕಾಲದಿಂದ ಶೆಡ್ಡು ನಡಿಸ್ಕೋತ ಬಂದೀವಿ. ನೀವೆಲ್ಲಾ ಮಾಲಕ್ರ ಬಗ್ಗೆ ಮಾತಾಡಾಕತ್ತೀರಿ, ಗಾಡಿ ರಿಪೇರಿ ಮಾಡಾವ್ರು ಯಾರು ಅಂತ ಯಾರೂ ಕೇಳವಲ್ರಿ. ಇವತ್ತು ಐಟಿಐ ಮುಗಿಸಿ ಬರೋ ಹುಡುಗಗ ಕಾರ್ಬೊರೇಟರ್ ಬಿಚ್ಚಾಕ ಬರಂಗಿಲ್ಲ, ಯಾಕಂದ್ರ ಅಂವ ನೋಡೇ ಇಲ್ಲ. ಸ್ಕ್ಯಾನರ್ ಹಚ್ಚಿ ನೋಡೋದಷ್ಟ ಗೊತ್ತು. ಅವಂದೇನೂ ತಪ್ಪಿಲ್ರಿ, ಕಾಲೇಜಿನ್ಯಾಗ ಒಂದ್ ಹಳೇ ಎಂಜಿನ್ ಸ್ಟ್ಯಾಂಡಿಗೆ ಹಾಕಿ ನಿಲ್ಲಿಸಿರ್ತಾರ, ಅದು ಚಾಲೂನೇ ಆಗಂಗಿಲ್ಲ.

ನಾ ಏನ್ ಮಾಡೇನಿ ಅಂದ್ರ, ರವಿವಾರ ಅಂಬಾಸಿಡರ್ ಒಂದು ತಂದು ನಿಲ್ಲಿಸಿ ಹುಡುಗ್ರಿಗೆ ಪಾಯಿಂಟ್ ಹಾಕೋದು, ಅಂದ್ರ ಪ್ಲಗ್ಗಿಗೆ ಕಿಡಿ ಕೊಡೋ ಸ್ವಿಚ್ಚಿನ ಸಂದು ಹೊಂದಿಸೋದು ಕಲಿಸ್ತೀನಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತಗೀರಿ, ರೋಟರ್ ತಗೀರಿ, ಎಂಜಿನ್ ಕೈಲೆ ತಿರುವ್ಕೋತ ಹೋಗ್ರಿ, ಕ್ಯಾಮಿನ ಮೂಲಿ ಬಂದು ಪಾಯಿಂಟ್ ಪೂರಾ ಬಿಚ್ಚಿಕೊಂಡಲ್ಲೆ ನಿಲ್ಲಿಸ್ರಿ. ಪಾಯಿಂಟಿನ ಮಾರಿ ಕರ್ರಗ ಸುಟ್ಟಿದ್ರ ಸಣ್ಣ ಅರದಿಂದ ಒಂದ್ ಕೈ ಆಡಿಸ್ರಿ. ಆಮ್ಯಾಲ ಫೀಲರ್ ಗೇಜು, ಅಂಬಿಯ 1489 ಸಿಸಿ ಎಂಜಿನ್ನಿಗೆ 15 ಥೌ, ಅಂದ್ರ ಇಂಚಿನ ಸಾವಿರದಾಗ ಹದಿನೈದು ಭಾಗ. ಗೇಜು ಒಳಗ ಹೋಗಬೇಕು, ಎಳದ್ರ ಚೂರು ಹಿಡದಂಗ ಆಗಬೇಕು, ಸಡ್ಲ ಇರಬಾರದು. ಸ್ಕ್ರೂ ಬಿಗಿ ಮಾಡಿ ಮತ್ತೊಮ್ಮಿ ನೋಡ್ರಿ, ಬಿಗಿ ಮಾಡುವಾಗ ಸರೀತದ ಅದು. ಪ್ಲಗ್ ವಾಯರು 1-3-4-2 ಸಾಲಿಗೆ ಹಾಕ್ರಿ, ಸೆಲ್ಫ್ ಹೊಡೀರಿ. ಗಾಡಿ ಚಾಲೂ ಆತಂದ್ರ ಆ ಹುಡುಗ್ರ ಮಾರಿ ನೋಡ್ಬೇಕ್ರಿ ನೀವು! ಒಮ್ಮೆ ಕೈಲೆ ಮಾಡಿದ್ರ ಮುಗೀತು, ಮುಂದಿನ ರವಿವಾರ ಕರೀದನ ಬರ್ತಾರ.

ಕ್ಲಬ್ಬಿನವರು ಹೋಟೆಲ್ದಾಗ ಊಟದ ಮೀಟಿಂಗ್ ಬಿಟ್ಟು ಶೆಡ್ಡಿನ್ಯಾಗ ಮೀಟಿಂಗ್ ಮಾಡ್ರಿ ಅಂತ ನನ್ನ ಮಾತು.

ಅಂಬಿ ಮಾರ್ಕ್ 2, ಬೆಂಗಳೂರು

ಹುಬ್ಬಳ್ಳಿ ಅಣ್ಣ, ಕೈ ಮುಗೀತೀನಿ ನಿಮಗೆ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಕ್ಕಾಗಲ್ಲ. ಜೆಸಿ ರೋಡ್, ಶಿವಾಜಿನಗರದ ಕಡೆ ಹಳೇ ಮೇಸ್ತ್ರಿಗಳು ಒಬ್ಬೊಬ್ರೇ ಕೆಲಸ ಬಿಡ್ತಿದಾರೆ, ಅವರ ಮಕ್ಕಳು ಬೇರೆ ಬೇರೆ ಕೆಲಸಕ್ಕೆ ಹೋಗಿದಾರೆ. ಅವರ ಕೈಯಲ್ಲಿರೋ ವಿದ್ಯೆ ಯಾವ ಮ್ಯಾನ್ಯುವಲ್ಲಲ್ಲೂ ಇಲ್ಲ.

ಡಿಪ್ಲೊಮಾ ಹುಡುಗಿ, ತುಮಕೂರು

ನಾನು ಆಟೋಮೊಬೈಲ್ ಡಿಪ್ಲೊಮಾ ಎರಡನೇ ವರ್ಷ. ಹುಡುಗ್ರು ಬರೀರಿ ಅಂದ್ರಿ, ಹುಡುಗೀರೂ ಬರೀಬಹುದು ಅನ್ಕೊಂಡು ಬರೀತಿದೀನಿ 🙂

ಮೊದಲನೇದು, ಕ್ಲಬ್‌ಗೆ ಸೇರೋಕೆ ಕಾರ್ ಇರ್ಲೇಬೇಕು ಅನ್ನೋ ರೂಲ್ ತುಂಬಾ ಕಡೆ ಇದೆ. ನಮ್ಮ ವಯಸ್ಸಿಗೆ ಕಾರ್ ಎಲ್ಲಿಂದ ಬರುತ್ತೆ? ಪಿಜಿಯಲ್ಲಿರೋರು ನಿಲ್ಸೋದಾದ್ರೂ ಎಲ್ಲಿ? ಕಾರ್ ಇಲ್ದೇ ಇರೋರಿಗೆ ವಿದ್ಯಾರ್ಥಿ ಸದಸ್ಯತ್ವ ಅಂತ ಕಡಿಮೆ ಫೀಸಲ್ಲಿ ಕೊಡಿ, ನಾವು ದುಡಿಯೋಕೆ ರೆಡಿ.

ಎರಡನೇದು, ನಾನು ಒಂದು ಕ್ಲಬ್ ಕಾರ್ಯಕ್ರಮಕ್ಕೆ ಹೋಗಿದ್ದೆ (ಹೆಸರು ಬೇಡ), ಅಪ್ಪನ ಜೊತೆ. ನಾನು ಕೇಳಿದ ಪ್ರಶ್ನೆಗೆಲ್ಲಾ ಅಲ್ಲಿದ್ದೋರು ಅಪ್ಪನ ಮುಖ ನೋಡ್ಕೊಂಡು ಉತ್ತರ ಹೇಳ್ತಿದ್ರು, ಅಪ್ಪನಿಗೆ ಕಾರ್ ಬಗ್ಗೆ ಏನೂ ಗೊತ್ತಿಲ್ಲ ಪಾಪ. ಬೇಜಾರಾಯ್ತು, ಮತ್ತೆ ಹೋಗ್ಲಿಲ್ಲ.

ಮೂರನೇದು, ನಮ್ಮಿಂದ ನಿಮಗೂ ಉಪಯೋಗ ಇದೆ. ನಮ್ಮ ಕಾಲೇಜಲ್ಲಿ 3ಡಿ ಪ್ರಿಂಟರ್ ಇದೆ. ಕರಾವಳಿ ಸರ್ ಡೋರ್ ಹ್ಯಾಂಡಲ್ ಮುರಿದ್ರೆ ತಿಂಗಳುಗಟ್ಟಲೆ ಅಂದ್ರಲ್ಲ, ಲೋಡ್ ಬೀಳೋ ಪಾರ್ಟ್‌ನ ಪ್ಲಾಸ್ಟಿಕ್ಕಲ್ಲಿ ಮಾಡಕ್ಕಾಗಲ್ಲ, ಆದ್ರೆ ಅಳತೆ ತಗೊಂಡು ಅಚ್ಚಿಗೆ ಮಾದರಿ ಮಾಡ್ಕೊಡಬಹುದು, ಅದರಿಂದ ಎರಕ ಹೊಯ್ಯಿಸ್ಬಹುದು. ಡ್ಯಾಶ್‌ಬೋರ್ಡ್ ನಾಬ್, ವಿಂಡೋ ವೈಂಡರ್ ಗುಬುಟು, ಇಂಥವು ನೇರವಾಗೇ ಪ್ರಿಂಟ್ ಆಗುತ್ತೆ.

ನಮ್ಮ ತಾತಂದು ಪದ್ಮಿನಿ ಇದೆ, ತಾತ ತೀರ್ಕೊಂಡ್ಮೇಲೆ ಯಾರೂ ಮುಟ್ಟಿಲ್ಲ, ಆರ್‌ಸಿ ಇನ್ನೂ ತಾತನ ಹೆಸರಲ್ಲೇ ಇದೆ, ಮುಗಿದೂ ಹೋಗಿದೆ. ಅದನ್ನ ಏನು ಮಾಡೋದು ಅಂತ ಯಾರಾದ್ರೂ ಹೇಳ್ತೀರಾ? ಚಿಕ್ಕಪ್ಪ ಗುಜರಿಗೆ ಕೊಡೋಣ ಅಂತಿದಾರೆ.

ಕರಾವಳಿ ಕ್ಲಾಸಿಕ್, ಮಂಗಳೂರು

ತಂಗಿ, ಗುಜರಿಗೆ ಕೊಡ್ಲಿಕ್ಕೆ ಮಾತ್ರ ಬಿಡ್ಬೇಡಿ! ನೀವು ಹೇಳಿದ್ದು ಓದಿ ನನಗೂ ಬೇಸರ ಆಯ್ತು. ನನ್ನ ಹ್ಯಾಂಡಲಿನ ಅಳತೆ ಕಳಿಸ್ತೇನೆ, ಆಗ್ತದಾ ನೋಡಿ. ಇಂಥವರು ಬರುವುದಾದ್ರೆ ನನ್ನ ಗಾಡಿಯ ಬಾಗಿಲು ತೆಗೆಯುವುದಕ್ಕೆ ನನ್ನದೇನೂ ಅಡ್ಡಿ ಇಲ್ಲ, ಕೂತು ನೋಡ್ಲಿ, ಬಾನೆಟ್ ಬಿಚ್ಚಿ ನೋಡ್ಲಿ. ಸಾರ್ವಜನಿಕ ಪ್ರದರ್ಶನದಲ್ಲಿ ಮಾತ್ರ ಹಗ್ಗ ಕಟ್ಟುವುದೇ ಒಳ್ಳೆಯದು ಅಂತ ಈಗಲೂ ಹೇಳ್ತೇನೆ.

ಮತ್ತೆ ಬರೀ ಮ್ಯೂಸಿಯಂ ನೋಡಿದ್ರೆ ಸಾಲದು ಅನ್ನುವವರಿಗೆ ಒಂದು ಮಾತು. ನನಗೆ ಈ ಹುಚ್ಚು ಹಿಡಿದದ್ದೇ ಧರ್ಮಸ್ಥಳದ ಕಾರ್ ಮ್ಯೂಸಿಯಂ ನೋಡಿ, ಶಾಲೆಯ ಪ್ರವಾಸದಲ್ಲಿ. ಈಗ ಶ್ರೀರಂಗಪಟ್ಟಣದ ಹತ್ತಿರ ಪಯಣ ಅಂತ ದೊಡ್ಡದೇ ಆಗಿದೆ, ಕೊಯಮತ್ತೂರಿನಲ್ಲಿ ಜೀಡೀ ಮ್ಯೂಸಿಯಂ ಉಂಟು. ಶಾಲೆಯ ಮಕ್ಕಳಿಗೆ ಮೊದಲ ಬೀಜ ಅಲ್ಲೇ ಬೀಳುವುದು. ಅಲ್ಲಿ ನೋಡಿದ ಮಗು ಮುಂದೆ ಎಲ್ಲಿಗೆ ಹೋಗ್ಬೇಕು ಅನ್ನುವುದಕ್ಕೆ ದಾರಿ ಇಲ್ಲ, ಅದು ಕ್ಲಬ್ಬಿನವರು ಮಾಡ್ಬೇಕಾದ ಕೆಲಸ.

ಕೊವೆಂಟ್ರಿ ಕನ್ನಡಿಗ

ಇಂಗ್ಲೆಂಡಿಂದ ಬರೀತಿದೀನಿ, ಹಾಸನದ ಕಡೆಯೋನು. ಇಲ್ಲೂ ಇದೇ ಗೋಳಿತ್ತು, ಕ್ಲಬ್‌ಗಳಲ್ಲಿ ಬರೀ ವಯಸ್ಸಾದೋರೇ ಅಂತ. ಅವರು ಮಾಡಿದ ಒಂದೆರಡು ಕೆಲಸ ನಮಗೂ ಆಗುತ್ತೆ.

2014ರಲ್ಲಿ ಇಲ್ಲಿ ಫೆಸ್ಟಿವಲ್ ಆಫ್ ದಿ ಅನ್‌ಎಕ್ಸೆಪ್ಷನಲ್ ಅಂತ ಒಂದು ಮೇಳ ಶುರುವಾಯ್ತು, ಅಂದ್ರೆ ವಿಶೇಷ ಏನೂ ಇಲ್ಲದ ಮಾಮೂಲಿ ಕಾರುಗಳ ಹಬ್ಬ. ಒಂದು ಕಾಲದಲ್ಲಿ ಬೀದಿಬೀದೀಲಿ ಇದ್ದು ಈಗ ಕಾಣೆಯಾಗಿರೋ ಆಸ್ಟಿನ್ ಅಲೆಗ್ರೋ, ಮಾರಿಸ್ ಮರೀನಾ ಥರದ ಗಾಡಿಗಳು ಹುಲ್ಲಿನ ಮೇಲೆ ಸಾಲಾಗಿ ನಿಲ್ತವೆ, ತೀರ್ಪುಗಾರರು ಬಂದು ಬಹುಮಾನ ಕೊಡ್ತಾರೆ. ಅಪ್ಪನ ಕಾರು, ಅಜ್ಜಿಯ ಕಾರು ಅಂತ ಹುಡುಗ್ರು ತಗೊಂಡ್ ಬರ್ತಾರೆ. ನಮ್ಮಲ್ಲಿ ಪದ್ಮಿನಿ, 800, ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಕೊಂಡು ಇಂಥದ್ದೊಂದು ಮಾಡಿದ್ರೆ ಊರಿಗೆ ಊರೇ ಬರುತ್ತೆ. ಬೆಂಗಳೂರಿನದೇ ಸಿಪಾನಿ ಡಾಲ್ಫಿನ್ ಇತ್ತಲ್ಲ, ಫೈಬರ್ ಬಾಡಿ, ರಿಲಯಂಟ್ ಕಿಟನ್ ಅನ್ನೋ ಇಲ್ಲಿನ ಕಾರಿನ 848 ಸಿಸಿ ಎಂಜಿನ್ನು. ಓಡೋ ಸ್ಥಿತೀಲಿರೋ ಡಾಲ್ಫಿನ್ ಒಂದು ಮಧ್ಯದಲ್ಲಿ ನಿಲ್ಸಿದ್ರೆ ನಮ್ಮ ರಾಜ್ಯದ್ದೇ ಕಾರು ಇತ್ತು ಅಂತ ಎಷ್ಟು ಜನಕ್ಕೆ ಮೊದಲ ಸಲ ಗೊತ್ತಾಗುತ್ತೋ!

ಇನ್ನೊಂದು, ಇಲ್ಲಿ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಅಂತ 1934ರಲ್ಲಿ ಹುಟ್ಟಿದ್ದು, ಜಾಸ್ತಿ ದುಡ್ಡಿಲ್ಲದೋರಿಗೆ ಅಂತಾನೇ ಶುರು ಮಾಡಿದ್ರಂತೆ. ಆಗ ಹಳೇ ಕಾರು ಅಂದ್ರೆ ಅಗ್ಗ. ಹಳೇ ಕಾರಿನ ಹವ್ಯಾಸ ಶ್ರೀಮಂತರದ್ದು ಅಂತ ಮೊದಲಿಂದ ಇರ್ಲೇ ಇಲ್ಲ.

ಕಲಿಕೆ ವಿಷ್ಯಕ್ಕೆ ಬಂದ್ರೆ, ಬೈಸೆಸ್ಟರ್‌ನಲ್ಲಿ ಹಳೇ ವಾಯುನೆಲೆಯೊಂದನ್ನ ಹಳೇ ಕಾರುಗಳ ಕೇಂದ್ರ ಮಾಡಿ, ಅಲ್ಲಿ ಹುಡುಗ್ರಿಗೆ ಅಪ್ರೆಂಟಿಸ್ ತರಬೇತಿ ಕೊಡ್ತಾರೆ. ಅಮೆರಿಕದ ಕಾನ್ಸಾಸ್‌ನಲ್ಲಿ ಮ್ಯಾಕ್‌ಫರ್ಸನ್ ಕಾಲೇಜಲ್ಲಿ ಹಳೇ ಕಾರು ದುರಸ್ತಿಗೇ ಡಿಗ್ರಿ ಇದೆ. ಅಲ್ಲಿನ ಆಂಟಿಕ್ ಆಟೋಮೊಬೈಲ್ ಕ್ಲಬ್ಬು 1935ರದ್ದು, ಅವರು 25 ವರ್ಷ ಆದ ಗಾಡೀನೇ ಸೇರಿಸ್ಕೊಳ್ತಾರೆ. ನಾವು 30 ಅಂದ್ರೆ ಅದೇನು ಅತಿರೇಕ ಅಲ್ಲ.

ಟಿಎಸ್‌ಡಿ ಹುಚ್ಚ, ಚಿಕ್ಕಮಗಳೂರು

ಎಲ್ಲಾ ಸರಿ, ಆದ್ರೆ ಬರೀ ನಿಲ್ಸಿ ನೋಡೋದಕ್ಕೆ ಯುವಕರು ಎಷ್ಟು ಸಲ ಬರ್ತಾರೆ? ಗಾಡಿ ಓಡ್ಬೇಕು. ನನ್ನ ಸಲಹೆ ಟಿಎಸ್‌ಡಿ ರ‍್ಯಾಲಿ. ಟೈಮ್, ಸ್ಪೀಡ್, ಡಿಸ್ಟೆನ್ಸ್ ಅಂತ ಅದರ ಅರ್ಥ. ಇದ್ರಲ್ಲಿ ಜೋರಾಗಿ ಓಡ್ಸೋನು ಗೆಲ್ಲಲ್ಲ. ಇಷ್ಟು ಕಿಲೋಮೀಟರ್ ಇಷ್ಟು ಸರಾಸರಿ ವೇಗದಲ್ಲಿ ಹೋಗ್ಬೇಕು ಅಂತ ಕೊಟ್ಟಿರ್ತಾರೆ, ದಾರೀಲಿ ಗೊತ್ತಿಲ್ದಿರೋ ಜಾಗದಲ್ಲಿ ಟೈಮ್ ನೋಡ್ತಾರೆ, ಬೇಗ ಬಂದ್ರೂ ಪೆನಾಲ್ಟಿ, ತಡವಾದ್ರೂ ಪೆನಾಲ್ಟಿ. ಹಾಗಾಗಿ ಪದ್ಮಿನಿನೂ ಒಂದೇ, ಬೆನ್ಜ್ ಆದ್ರೂ ಒಂದೇ. ಪಕ್ಕದಲ್ಲಿ ಕೂತು ಲೆಕ್ಕ ಹಾಕೋ ನ್ಯಾವಿಗೇಟರ್‌ಗೆ ತಲೆ ಚುರುಕಾಗಿರ್ಬೇಕು. ಓಡ್ಸೋಕೆ ಅಂಕಲ್ಲು, ಲೆಕ್ಕಕ್ಕೆ ಸ್ಟೂಡೆಂಟು. ಕಾರಿಲ್ದೇ ಇರೋರಿಗೂ ಸೀಟ್ ಸಿಕ್ತು, ಇಡೀ ದಿನ ಜೊತೇಲಿ ಕೂತು ಹ್ಯಾಂಡ್ ಗೇರ್ ಹಾಕೋದು, ಫಸ್ಟ್ ಗೇರಿಗೆ ಯಾಕೆ ಗಾಡಿ ಪೂರ್ತಿ ನಿಲ್ಸ್‌ಬೇಕು, ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಹೇಗೆ ನೋಡ್ಬೇಕು ಎಲ್ಲಾ ತಾನಾಗೇ ಕಲಿತಾರೆ. ಕೆ-1000 ರ‍್ಯಾಲಿ ನಡೆಯೋ ರಾಜ್ಯ ಸ್ವಾಮಿ ನಮ್ದು, ರ‍್ಯಾಲಿ ರಕ್ತದಲ್ಲೇ ಇದೆ.

ಆದ್ರೆ ಒಂದು ನೆನಪಿರ್ಲಿ, 50 ದಾಟಿ ವಿಂಟೇಜ್ ಗಾಡಿಗೆ ಕೊಡೋ ವಿಎ ಸೀರೀಸ್ ನಂಬರ್ ತಗೊಂಡಿರೋ ಗಾಡಿನ ದಿನನಿತ್ಯ ಓಡ್ಸಂಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕ್ಸೋದು, ರಿಪೇರಿ, ಇಂಥದ್ದಕ್ಕೆ ಮಾತ್ರ.

ಯೆಜ್ಡಿ ರೋಡ್‌ಕಿಂಗ್, ಮೈಸೂರು

ಪೆಟ್ರೋಲ್ ಅಂದಾಗ ನೆನಪಾಯ್ತು, ಇ20, ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಹಿರಿಯರು ಹುಡುಗ್ರ ಜೊತೆ ಕೂತು ಮಾತಾಡ್ಬೇಕು. ಎಥನಾಲ್ ನೀರು ಹೀರ್ಕೊಳ್ಳುತ್ತೆ, ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಎಲ್ಲಾ ಮೆತ್ತಗಾಗುತ್ತೆ. ತಿಂಗಳುಗಟ್ಟಲೆ ನಿಲ್ಸೋ ಗಾಡಿಗಂತೂ ಕಷ್ಟ. ಯಾವ ರಬ್ಬರ್ ತಡೆಯುತ್ತೆ, ಯಾವುದು ತಡೆಯಲ್ಲ ಅಂತ ಕೆಮಿಕಲ್ ಎಂಜಿನಿಯರಿಂಗ್ ಓದೋರಿಗೆ ಕೊಟ್ರೆ ಪ್ರಾಜೆಕ್ಟೇ ಆಯ್ತು.

ಅಂಬಿ ಮಾರ್ಕ್ 2, ಬೆಂಗಳೂರು

ತುಮಕೂರಿನ ಮಗಳಿಗೆ ಮೊದಲು ಉತ್ತರ ಕೊಡ್ತೀನಿ. ಮಾಲೀಕರು ತೀರ್ಕೊಂಡಾಗ ಹೆಸರು ಬದಲಾಯಿಸೋಕೆ ಫಾರಂ 31. ಮರಣ ಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತೆ, ಇನ್ನೇನು ಬೇಕು ಅಂತ ನಿಮ್ಮ ಆರ್‌ಟಿಓದಲ್ಲಿ ಕೇಳಿ ಬರ್ಕೊಂಡ್ ಬನ್ನಿ. ಆರ್‌ಸಿ ನವೀಕರಣಕ್ಕೆ ಫಾರಂ 25, ಅದಕ್ಕೆ ಗಾಡಿ ಇನ್‌ಸ್ಪೆಕ್ಟರ್ ಮುಂದೆ ಹೋಗಿ ನಿಲ್ಬೇಕು, ಹಾಗಾಗಿ ಬ್ರೇಕು, ಲೈಟು ಮೊದಲು ರಿಪೇರಿ ಆಗ್ಬೇಕು. ಇನ್ಶೂರೆನ್ಸ್ ಮಾಡಿಸ್ದೇ ರೋಡಿಗೆ ತರ್ಬೇಡಿ. ಪದ್ಮಿನಿ ಯಾವ ವರ್ಷದ್ದು ಹೇಳಿ, 50 ದಾಟಿದ್ರೆ ವಿಂಟೇಜ್ ದಾರಿನೂ ಇದೆ, ಹೊಸದಾಗಿ ನೋಂದಣಿಗೆ 20,000, ಹತ್ತು ವರ್ಷಕ್ಕೆ ಸಲ್ಲುತ್ತೆ, ಮತ್ತೆ ಮಾಡಿಸುವಾಗ 5000. ಹಳೇ ನಂಬರ್ ಇದ್ರೆ ಅದನ್ನೇ ಉಳಿಸ್ಕೋಬಹುದು. ಎಂವೈ ಅಂತ ಶುರುವಾಗೋ ಹಳೇ ಮೈಸೂರು ರಾಜ್ಯದ ಪ್ಲೇಟ್ ಇದ್ರೆ ಅದಕ್ಕೆ ಪೇಂಟ್ ಬಳೀಬೇಡಿ, ಹಾಗೇ ಇಡಿ.

ಇನ್ನು ಎಲ್ರ ಮಾತೂ ಓದಿದೆ. ನಮ್ಮ ಕ್ಲಬ್ ಕಮಿಟಿಗೆ ಬರೀತಿದೀನಿ: 30 ವರ್ಷದ ಗಾಡಿಗೆ ಪ್ರವೇಶ, ಕಾರಿಲ್ದ ವಿದ್ಯಾರ್ಥಿಗೆ ಸದಸ್ಯತ್ವ, ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ಹೋಟೆಲ್ ಬದಲು ಶೆಡ್ಡಲ್ಲಿ ಮೀಟಿಂಗ್. ಕಮಿಟಿ ಒಪ್ಪೋವರೆಗೂ ಕಾಯಲ್ಲ, ಬರೋ ತಿಂಗಳ ಮೊದಲ ಭಾನುವಾರ ಬೆಳಗ್ಗೆ ನಮ್ಮ ಮನೆ ಶೆಡ್ಡಲ್ಲೇ ಶುರು, ಅಂಬಿ ಬಾನೆಟ್ ತೆಗೆದಿಟ್ಟಿರ್ತೀನಿ. ಬರೋರು ಮೆಸೇಜ್ ಹಾಕಿ, ವಿಳಾಸ ಕಳಿಸ್ತೀನಿ.

ಡಿಪ್ಲೊಮಾ ಹುಡುಗಿ, ತುಮಕೂರು

ಥ್ಯಾಂಕ್ಯೂ ಅಂಕಲ್! ಚಿಕ್ಕಪ್ಪನಿಗೆ ನಿಮ್ಮ ಮೆಸೇಜ್ ತೋರಿಸ್ದೆ, ಸದ್ಯಕ್ಕೆ ಗುಜರಿ ಮಾತು ನಿಂತಿದೆ. ಆರ್‌ಸಿ ಬುಕ್ ನೋಡ್ದೆ, ಪದ್ಮಿನಿ 1978ರದ್ದು. ಹಾಗಾದ್ರೆ ವಿಂಟೇಜ್ ಆಗೋದು 2028ಕ್ಕೆ, ಅಲ್ಲೀವರೆಗೂ ನಾನೇ ನೋಡ್ಕೋತೀನಿ. ಭಾನುವಾರ ನಾನೂ ನನ್ನ ಇಬ್ರು ಫ್ರೆಂಡ್ಸೂ ಬರ್ತೀವಿ. ಏನಾದ್ರೂ ತರ್ಬೇಕಾ?

ಗಂಡುಮೆಟ್ಟಿನ ಗ್ಯಾರೇಜು, ಹುಬ್ಬಳ್ಳಿ

ಏನೂ ತರಬ್ಯಾಡ ತಂಗಿ, ಎಣ್ಣಿ ಹತ್ತಿದ್ರ ನಡೀತೈತಿ ಅನ್ನೋ ಅಂಗಿ ಹಾಕ್ಕೊಂಡ್ ಬಾ. ಶನಿವಾರ ರಾತ್ರಿ ಗಾಡಿಗೆ ನಾನೂ ಹೊಂಟೀನಿ ಬೆಂಗಳೂರಿಗೆ, ಫೀಲರ್ ಗೇಜು, ಟೆಸ್ಟ್ ಲ್ಯಾಂಪು ನಾನ ತರ್ತೀನಿ. ಅಂಬಿ ಸಾಹೇಬ್ರ, ಒಂದ್ ಹೊಸ ಕಂಡೆನ್ಸರ್ ತಂದಿಟ್ಟಿರ್ರಿ, ಹಳೇದು ಕೆಟ್ಟಿದ್ರ ಪಾಯಿಂಟ್ ಎಷ್ಟ್ ಹಾಕಿದ್ರೂ ಮತ್ತ ಸುಡತೈತಿ, ಅದನ್ನೂ ಹುಡುಗ್ರಿಗೆ ತೋರಿಸೋಣು.